ಎಮ್ಮೆಗೆಂದು ಒಯ್ದ ಊಟ

9 ಅಕ್ಟೋಬರ್ 2025, ಗುರುವಾರ

ನಿನ್ನೆ ಬುಧವಾರ ಮಧ್ಯಾಹ್ನ ನಮ್ಮೂರ ಮುದುಕರ ಊಟವನ್ನು ನಿಲ್ಲಿಸಲಾಯಿತು. ನಿಲ್ಲಿಸಿದವರು ಊಟ ಕೊಡುತ್ತಿದ್ದವರೇ. ಯಾರನ್ನೂ ಕೂರಿಸಿ ಕೇಳಲಿಲ್ಲ, ಮೊದಲೇ ತಿಳಿಸಲಿಲ್ಲ. ತಾರೀಖು ಸಮೇತ ಬರೆದಿಡುತ್ತಿದ್ದೇನೆ, ಏಕೆಂದರೆ ಈ ಊರಿನಲ್ಲಿ ಅನ್ಯಾಯಕ್ಕೆ ಸ್ವಲ್ಪ ವಯಸ್ಸಾದರೆ ಅದನ್ನು ಪದ್ಧತಿ ಎಂದು ಕರೆಯುತ್ತಾರೆ.

ಹೋದ ವರ್ಷದ ಮಳೆಗಾಲದಿಂದ ಒಂದು ಸೇವಾಸಂಸ್ಥೆಯವರು ಸಮುದಾಯ ಭವನದಲ್ಲಿ ವಯಸ್ಸಾದವರಿಗೆ ಮಧ್ಯಾಹ್ನ ಬಿಸಿ ಊಟ ಕೊಡುತ್ತಿದ್ದರು. ಒಂದು ದಿನ ಜೋಳದ ನುಚ್ಚು, ಮಜ್ಜಿಗೆ. ಇನ್ನೊಂದು ದಿನ ಮೆತ್ತಗೆ ಬೆಂದ ಅನ್ನ, ಹೆಸರುಬೇಳೆ. ಅಡುಗೆ ಕಸ್ತೂರೆವ್ವನದು. ಹಲ್ಲಿಲ್ಲದವರು ನುಂಗಬಹುದಾದ ಅಡುಗೆ ಅಥಣಿ ತಾಲೂಕಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ನಮ್ಮ ಕಡೆಯ ಊಟವೆಲ್ಲ ದವಡೆ ಗಟ್ಟಿ ಇದ್ದವರನ್ನು ಕಣ್ಣ ಮುಂದಿಟ್ಟುಕೊಂಡೇ ತಯಾರಾಗುತ್ತದೆ.

ನಿನ್ನೆ ಸಂಸ್ಥೆಯ ನಿಪ್ಪಾಣಿ ಕಚೇರಿಯಿಂದ ರೂಪೇಶ ಎಂಬ ಮೇಲ್ವಿಚಾರಕ ಬಂದ. ಭವನದೊಳಗೆ ಹಾಸಿದ ಜಮಖಾನೆ ಖಾಲಿ. ಎಲ್ಲರೂ ಡಬ್ಬಿ ತುಂಬಿಸಿಕೊಂಡು ಹೊರಟಿದ್ದರು. ಬಾಗಿಲಲ್ಲಿ ಅವನು ಹೊಳೆವ್ವನನ್ನು ನಿಲ್ಲಿಸಿದ. ಹೊಳೆವ್ವ ಕುರಿ ಸಾಕುವ ಮನೆಯ ಹಿರಿಯಳು, ಮಾತು ಒರಟು.

"ಅಜ್ಜಿ, ಬಿಸಿ ಐತಿ. ಇಲ್ಲೇ ಕುಂತು ಉಣಬಾರದೇನ್ರಿ?"

"ನನಗೆಲ್ಲೀದಪಾ. ಎಮ್ಮಿಗೆ ಒಯ್ಯಾಕತ್ತೀನಿ."

ಅವಳ ಹಿಂದಿದ್ದ ಸಿದರಾಯನನ್ನು ಕೇಳಿದ. "ನಂದೂ ಎಮ್ಮಿಗೇರಿ" ಎಂದ ಅವನು. ಅವನ ಹಿಂದಿನವರೂ ಅದನ್ನೇ ಹೇಳಿದರು. ನನ್ನನ್ನು ಕೇಳಿದಾಗ ತಪಾಸಣೆಗೆ ಎಂದೆ.

ರೂಪೇಶನ ಮುಖ ಕೆಂಪಾಯಿತು. "ಮನಷ್ಯಾರು ಉಣ್ಣಲಿ ಅಂತ ದಾನಿಗಳು ಕೊಟ್ಟಿದ್ರಿ ಇದು. ಊರ ಎಮ್ಮಿಗೆಲ್ಲಾ ನಾವ್ಯಾಕ ಹಾಕೂಣು?" ಎಂದು ಹೇಳಿ ಒಲೆ ಆರಿಸಿದ. ಬೀಗದ ಕೈಯನ್ನು ತಾನೇ ಒಯ್ದ.

ನನ್ನ ಸ್ಥಾನವನ್ನು ಸ್ಪಷ್ಟಪಡಿಸಬೇಕು. ನಾನು ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕಬ್ಬಿನ ರಸ ಪರೀಕ್ಷೆ ಮಾಡಿ ನಿವೃತ್ತನಾದವನು. ಮಾದರಿ ತೆಗೆಯದೆ ಯಾವ ಪದಾರ್ಥದ ಬಗ್ಗೆಯೂ ಮಾತಾಡುವುದಿಲ್ಲ. ಆದ್ದರಿಂದ ದಿನಾ ಒಂದು ಡಬ್ಬಿ ಮಾದರಿ ಮನೆಗೆ ತರುತ್ತಿದ್ದೆ. ಮಾದರಿಯನ್ನು ಪೂರ್ತಿಯಾಗಿ ಪರೀಕ್ಷಿಸದಿದ್ದರೆ ಫಲಿತಾಂಶ ತಪ್ಪುತ್ತದೆ. ನಾನು ಅವರ ಊಟದ ಫಲಾನುಭವಿಯಲ್ಲ. ನಾನು ನಾಗರಿಕ.

10 ಅಕ್ಟೋಬರ್, ಶುಕ್ರವಾರ

ಕಸ್ತೂರೆವ್ವನ ಮನೆಗೆ ಹೋಗಿ ವಿಚಾರಿಸಿದೆ.

"ಅವರು ಖರೇನ ಎಮ್ಮಿಗೆ ಹಾಕತಾರೇನು?"

ಅವಳು ನನ್ನನ್ನೇ ನೋಡಿದಳು. "ಬಾಬಾಸಾಹೇಬ್ರ, ನೀವು ಇದ ಊರಾವ್ರ ಹೌದಲ್ರಿ?"

ಹೌದು. ಆದರೂ ಕೇಳಿ ಖಚಿತಪಡಿಸಿಕೊಳ್ಳುವುದು ಕ್ರಮ. ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಈಗ ದ್ರಾಕ್ಷಿಯ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ ನಡೆದಿದೆ. ಅದರ ಬೆನ್ನಿಗೆ ಕಬ್ಬು ಕಡಿಯುವುದು ಬರುತ್ತದೆ. ಮನೆಯ ಹೆಂಗಸರು ಕತ್ತಲಲ್ಲೇ ಎದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು, ಬಾಗಿಲು ಎಳೆದುಕೊಂಡು ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಿರಿಯರ ಪಾಲಿನ ರೊಟ್ಟಿಯನ್ನು ಬುಟ್ಟಿಯಲ್ಲಿ ಮುಚ್ಚಿಟ್ಟೇ ಹೋಗುತ್ತಾರೆ. ಮಧ್ಯಾಹ್ನದ ವೇಳೆಗೆ ಆ ರೊಟ್ಟಿಯಿಂದ ಬಾಗಿಲು ಬಡಿಯಬಹುದು. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಅತ್ತೆ ಹೊರಗೆ ಕೂತು ಉಂಡಳೆಂದರೆ ಸೊಸೆ ಅನ್ನ ಹಾಕುವುದಿಲ್ಲವೆಂದು ಸಂಜೆಯೊಳಗೆ ನೆರೆಯೂರು ಸತ್ತಿಯವರೆಗೂ ಸುದ್ದಿ. ಮದುವೆಮನೆಯಲ್ಲಿ ಉಳಿದದ್ದನ್ನು ಎಮ್ಮೆಗೆಂದು ಒಯ್ಯುವುದು ಮೊದಲಿನಿಂದಲೂ ಇದೆ, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಹೀಗಾಗಿ ಊಟವೆಲ್ಲ ಎಮ್ಮೆಯ ಹೆಸರಿನಲ್ಲಿ ನಡೆದಿತ್ತು.

"ಅದನ್ನ ಆ ರೂಪೇಶಗ ಹೇಳಬೇಕಿಲ್ಲೋ?" ಎಂದೆ.

"ನಾ ಹೇಳಿದ್ರ ನಾಳೆ ಊರ ಸೊಸ್ಯಾರೆಲ್ಲಾ ನನ್ ಮನಿ ಮುಂದ ಬರ್ತಾರ್ರಿ. ನೀವ ಹೇಳ್ರಿ, ನೀವು ಉಣ್ಣಾವ್ರ ಪೈಕಿ ಅಲ್ಲಲ್ಲ."

ಕೊನೆಯ ಮಾತನ್ನು ಅವಳು ಯಾವ ಅರ್ಥದಲ್ಲಿ ಆಡಿದಳೋ ತಿಳಿಯಲಿಲ್ಲ.

13 ಅಕ್ಟೋಬರ್, ಸೋಮವಾರ

ಮಧ್ಯಾಹ್ನ ಎರಡು ಪತ್ರಿಕೆ ಓದಿದೆ, ಕನ್ನಡದ್ದೊಂದು, ಮರಾಠಿಯದೊಂದು. ಎರಡರಲ್ಲೂ ನಮ್ಮೂರ ವಿಷಯ ಇಲ್ಲ. ತಲೆ ತುಸು ಹಗುರಾದಂತಿದೆ. ಹವಾಮಾನ ಬದಲಾಗುತ್ತಿದೆ.

16 ಅಕ್ಟೋಬರ್, ಗುರುವಾರ

ಪರಿಸ್ಥಿತಿಯ ಅಧ್ಯಯನಕ್ಕಾಗಿ ಹೊಳೆವ್ವನ ಮನೆಗೆ ಹೋಗಿದ್ದೆ. ಬರಿಗೈಯಲ್ಲಿ ಹೋಗಬಾರದೆಂದು ಬಾಳೆಹಣ್ಣು ಒಯ್ದಿದ್ದೆ. ಅವಳ ಮಗ ನಾಮದೇವ ಕುರಿಯ ಹಿಂದೆ ಹೋಗಿದ್ದ, ಸೊಸೆ ಮನಿಷಾ ಕೂಲಿಗೆ. ಹೊಳೆವ್ವ ರೊಟ್ಟಿಯ ಚೂರನ್ನು ಚಹಾದಲ್ಲಿ ನೆನೆಹಾಕಿ ಕೂತಿದ್ದಳು. ನೆನೆಯುವ ಮೊದಲು ಚಹಾ ಆರಿತ್ತು.

"ಏನ್ರಿ ಸಾಹೇಬ್ರ, ಇವತ್ತ ತಪಾಸಣಿ ನಮ್ಮನ್ಯಾಗೇನು?"

"ನಿಮಗೆಲ್ಲಾ ಆಗಿರೋ ಅನ್ಯಾಯದ ವಿಚಾರಣಿ, ಚೌಕಶಿ ನಡಿಸೀನಿ."

"ಚೌಕಶಿ ಮಾಡೂಮುಂದ ಒಂದು ಬಾಳಿಹಣ್ಣ ಸುಲಕೊಡ್ರಿ. ಕೈ ನಡಗತಾವು."

ಅವಳಿಗೊಂದು ಸುಲಿದುಕೊಟ್ಟೆ. ಅವಳು ತಿನ್ನುವಾಗ ಸುಮ್ಮನೆ ನೋಡುತ್ತ ಕೂರುವುದು ಸಭ್ಯವಲ್ಲವಾದ್ದರಿಂದ ನಾನೂ ತಿಂದೆ. ಉಳಿದವನ್ನೂ ಹೀಗೇ ಮುಗಿಸಬೇಕಾಯಿತು.

ಎರಡು ಸಾವಿರದ ಹತ್ತೊಂಬತ್ತರ ಮಹಾಪೂರದಲ್ಲಿ ಕೃಷ್ಣೆ ಊರೊಳಗೆ ಬಂದಾಗ ಇದೇ ಹೊಳೆವ್ವ ಗಂಜಿ ಕೇಂದ್ರದಲ್ಲಿ ಮೊದಲ ಪಂಕ್ತಿಗೆ ಕೂತದ್ದು ನನಗೆ ನೆನಪಿದೆ. ಸಾರು ನೀರಾಗಿದೆ ಎಂದು ತಹಶೀಲ್ದಾರರಿಗೇ ಹೇಳಿದ್ದಳು. ಎಪ್ಪತ್ತೆರಡರ ಬರದಲ್ಲಿ ರಸ್ತೆ ಕೆಲಸದ ಜಾಗದಲ್ಲಿ ಊರಿಗೆ ಊರೇ ಕೂತು ಉಂಡದ್ದೂ ನೆನಪಿದೆ, ನಾನಾಗ ಹುಡುಗ. ಹೊಳೆ ಬಂದರೆ, ಬರ ಬಿದ್ದರೆ ಹೊರಗೆ ಉಣ್ಣಬಹುದು. ಯಾವ ಸೊಸೆಗೂ ಕೆಟ್ಟ ಹೆಸರಿಲ್ಲ. ಹೊಳೆಯೂ ಬರದೆ ಬರವೂ ಬೀಳದೆ ಬರಿಯ ವಯಸ್ಸಾಗಿ ಹಸಿದವರ ಪಾಡೇ ಫಜೀತಿ.

23 ಅಕ್ಟೋಬರ್, ಗುರುವಾರ

ದೀಪಾವಳಿಯಲ್ಲಿ ಎಲ್ಲರೂ ಮನೆಯಲ್ಲಿದ್ದರು. ಮೂರು ಹೊತ್ತೂ ಬಿಸಿ ಅಡುಗೆ. ಈ ದಿನಗಳಲ್ಲಿ ನನಗೆ ಬರೆಯಬೇಕೆನಿಸಲಿಲ್ಲ, ಯಾರ ಮೇಲೂ ಸಿಟ್ಟೂ ಬರಲಿಲ್ಲ. ನಾಳೆಯಿಂದ ಮತ್ತೆ ತೋಟ.

ನನ್ನ ಹಲ್ಲಿನ ಸೆಟ್ಟು ವಸಡಿಗೆ ಒತ್ತುವುದರಿಂದ ಲೋಟದಲ್ಲಿಯೇ ಇರುತ್ತದೆ. ಒಲೆ ಹಚ್ಚುವ ಹಾಗಿಲ್ಲ. ಒಮ್ಮೆ ಹಾಲು ಇಟ್ಟು ಸಂಪಾದಕೀಯ ಓದುತ್ತ ಕೂತಿದ್ದೆ. ಅಂದಿನಿಂದ ಮಗ ದುಂಡೇಶ ಹೊರಡುವಾಗ ಸಿಲಿಂಡರ್ ಬಂದ್ ಮಾಡಿ, ರೆಗ್ಯುಲೇಟರನ್ನು ಬಿಚ್ಚಿ ಮೇಲಿಟ್ಟು ಹೋಗುತ್ತಾನೆ. ಇದು ಸರಿಯಾದ ಎಚ್ಚರಿಕೆ. ಸಂಪಾದಕೀಯವೂ ಅಷ್ಟು ಚೆನ್ನಾಗಿರಲಿಲ್ಲ.

28 ಅಕ್ಟೋಬರ್, ಮಂಗಳವಾರ

ಇಂದು ಪಶುವೈದ್ಯರೊಬ್ಬರು ಬಂದಿದ್ದರು. ರೂಪೇಶ ಕೆಟ್ಟ ಮನುಷ್ಯನಲ್ಲ. ಹಿರಿಯರಿಗೆ ಎಮ್ಮೆ ಸಾಕುವುದು ಭಾರವಾಗಿದೆ, ಅದಕ್ಕೇ ಊಟ ಒಯ್ಯುತ್ತಿದ್ದಾರೆ ಎಂದು ತಿಳಿದು, ತನಗೆ ಪರಿಚಯದ ವೈದ್ಯರನ್ನು ಕಳಿಸಿದ್ದಾನೆ. ಎಮ್ಮೆಗಳನ್ನು ನೋಡಿ, ಬೇಕಾದವರಿಗೆ ಹಿಂಡಿ ಕೊಡಿಸುವ ಏರ್ಪಾಡು.

ಸತ್ಯ ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಬರುವುದಿಲ್ಲ ಎಂದು ನಾನು ಹೊಳೆವ್ವನಿಗೆ ಹೇಳಿದೆ. ಅವಳು ನನ್ನ ಮಾತು ಕೇಳುತ್ತಲೇ ಹಿತ್ತಲಿನಿಂದ ಹೋಗಿ ಸಿದರಾಯನ ಎಮ್ಮೆ ಹೊಡೆದುಕೊಂಡು ಬಂದು ತನ್ನ ಬಾಗಿಲಿಗೆ ಕಟ್ಟಿದಳು. ಮನಿಷಾ ಇಂದು ಮನೆಯಲ್ಲೇ ಇದ್ದಳು. ಬಾಗಿಲಲ್ಲಿ ನಿಂತು ನೋಡಿದಳು. ಎಮ್ಮೆಗೆ ಒಂದು ಬಕೆಟ್ ನೀರಿಟ್ಟಳು.

ವೈದ್ಯರು ಎಮ್ಮೆಯ ಬಾಯಿ ಅಗಲಿಸಿ ನೋಡಿ, "ಹಲ್ಲು ಬೇಷ್ ಅದಾವು" ಎಂದರು. ಅವರು ಓಣಿಯ ಕೊನೆಯ ಕೆಂಚವ್ವನ ಮನೆಗೆ ಹೋಗುವುದರೊಳಗೆ ಎಮ್ಮೆ ಹಿತ್ತಲ ದಾರಿಯಿಂದ ಅಲ್ಲಿಗೂ ತಲುಪಿತ್ತು. ಅದರ ಹಣೆಯ ಮೇಲೆ ದೊಡ್ಡ ಬಿಳಿ ಮಚ್ಚೆ.

"ಇದನ್ನ ಈಗರ ನೋಡಿದ್ನಲ್ಲ?" ಎಂದರು ವೈದ್ಯರು.

"ಅದು ಇದರ ಅಕ್ಕರಿ" ಎಂದಳು ಕೆಂಚವ್ವ.

ಸಿದರಾಯನ ಮನೆಯಲ್ಲಿ ಮಾತ್ರ ಎಮ್ಮೆ ಇರಲಿಲ್ಲ. ಊರಲ್ಲಿ ನಿಜವಾಗಿ ಎಮ್ಮೆ ಇದ್ದ ಒಬ್ಬನೇ ಮುದುಕ ಸುಳ್ಳುಗಾರನಾದ. ವೈದ್ಯರು ಅವನಿಗೆ ಬುದ್ಧಿ ಹೇಳಿ ಹೋದರು.

ಹೊಳೆವ್ವನ ಎಮ್ಮೆ ಎಲ್ಲಿ ಹೋಯಿತೆಂದು ನಾನು ಆಲೋಚಿಸಲೇ ಇಲ್ಲವಲ್ಲ ಎಂದು ಈಗ ಹೊಳೆಯುತ್ತಿದೆ. ಅವಳು ಡಬ್ಬಿ ಹಿಡಿದು ಎಮ್ಮಿಗೆ ಎಂದಾಗಲೆಲ್ಲ ನನ್ನ ಕಣ್ಣಿಗೆ ಒಂದು ಎಮ್ಮೆ ಕಾಣುತ್ತಿತ್ತು.

3 ನವೆಂಬರ್, ಸೋಮವಾರ

ಹೊಳೆವ್ವ ನೀರಿನ ಟಾಕಿಯ ಹತ್ತಿರ ಕಣ್ಣು ಕತ್ತಲೆ ಬಂದು ಬಿದ್ದಳು. ಮೂಳೆಗೆ ಏನೂ ಆಗಿಲ್ಲ. ಹಣೆಗೆ ಪೆಟ್ಟು. ಮನಿಷಾ ಕೂಲಿ ಬಿಟ್ಟು ಓಡಿ ಬಂದಳು. ಅಥಣಿಯ ಡಾಕ್ಟರರು ನಾಡಿ ನೋಡಿ, ಹೊಟ್ಟೆ ಮುಟ್ಟಿ, ಮಧ್ಯಾಹ್ನ ಏನು ಉಣ್ಣುತ್ತೀರಿ ಎಂದು ಕೇಳಿದರು.

"ಎಲ್ಲಾ ಉಣ್ತೀನ್ರಿ" ಎಂದಳು ಹೊಳೆವ್ವ. "ಸೊಸಿ ಏನೂ ಕಮ್ಮಿ ಮಾಡಿಲ್ಲ."

ಮನಿಷಾ ಗೋಡೆ ನೋಡುತ್ತಿದ್ದಳು. ಡಾಕ್ಟರರು ಅವಳತ್ತ ತಿರುಗಿ, "ಮನ್ಯಾಗ ಎಮ್ಮಿ ಇದ್ರ ದಿನಾ ಹಾಲು ಕುಡಸ್ರಿ" ಎಂದರು.

ಟಂಟಂ ಆಟೋದಲ್ಲಿ ಅವರ ಜೊತೆಗೇ ವಾಪಸ್ ಬಂದೆ. ನಾನು ಏಕೆ ಜೊತೆಗೆ ಹೋದೆ ಎಂದು ದುಂಡೇಶ ರಾತ್ರಿ ಊಟಕ್ಕೆ ಕೂತಾಗ ಕೇಳಿದ. ಮಾಹಿತಿ ಸಂಗ್ರಹಕ್ಕೆ ಎಂದೆ.

5 ನವೆಂಬರ್, ಬುಧವಾರ

ಶುಕ್ರವಾರದ ಗ್ರಾಮಸಭೆಯಲ್ಲಿ ಊಟದ ವಿಷಯ ತೆಗೆದುಕೊಳ್ಳಲು ಪಂಚಾಯಿತಿ ಅಧ್ಯಕ್ಷ ಜಿನ್ನಪ್ಪ ಒಪ್ಪಿದ್ದಾನೆ. ರೂಪೇಶನನ್ನೂ ಕರೆಸುತ್ತಾನಂತೆ. ನನ್ನ ಭಾಷಣ ಸಿದ್ಧವಾಗಿದೆ. ಸಂವಿಧಾನದಿಂದ ಆರಂಭಿಸಿ ಬರಗಾಲಗಳ ಮೂಲಕ ಹಾದು ನಮ್ಮ ಭವನದ ಬೀಗಕ್ಕೆ ಬಂದು ನಿಲ್ಲುತ್ತದೆ. ಅದರಲ್ಲಿ ಅವರೆಲ್ಲರ ದುಃಖವೂ ಬಂದಿದೆ.

7 ನವೆಂಬರ್, ಶುಕ್ರವಾರ

ಗ್ರಾಮಸಭೆ ಕಟ್ಟೆಯ ಮೇಲೆ ನಡೆಯಿತು. ಊರು ಪೂರ್ತಿ ಸೇರಿತ್ತು. ನಾನು ಸಂವಿಧಾನ ಮುಗಿಸಿ ಎಪ್ಪತ್ತೆರಡಕ್ಕೆ ಬರುವಷ್ಟರಲ್ಲಿ ಜಿನ್ನಪ್ಪ ಎರಡು ಸಲ ಗಂಟಲು ಸರಿಮಾಡಿಕೊಂಡ. ಹತ್ತೊಂಬತ್ತರ ಮಹಾಪೂರಕ್ಕೆ ಬಂದಾಗ ರೂಪೇಶನೇ ಎದ್ದ.

"ಅಜ್ಜಾರ, ನೀವು ಹೇಳೂದೆಲ್ಲಾ ಖರೆ ಐತಿ. ಆದ್ರ ಉಣ್ಣಾವ್ರು ಯಾರು ಅಂತ ನಂಗ ಗೊತ್ತಾಗಬೇಕಲ್ರಿ. ಯಾರು ತಾವ ಉಣ್ತಿದ್ರೋ ಅವ್ರು ಎದ್ದ ನಿಂದರ್ರಿ. ನಾ ಮ್ಯಾಲಿನವ್ರಿಗೆ ಅದನ್ನ ಹೇಳ್ತೀನಿ."

ಯಾರೂ ಏಳಲಿಲ್ಲ. ಒಂದು ಕಡೆ ಮುದುಕರು, ಎದುರಿಗೆ ಅವರವರ ಮಕ್ಕಳು, ಸೊಸೆಯಂದಿರು. ಸಿದರಾಯ ತನ್ನ ಕೋಲನ್ನು ಪರೀಕ್ಷಿಸುತ್ತಿದ್ದ. ಹೊಳೆವ್ವ ಹಣೆಯ ಪಟ್ಟಿಯ ಮೇಲೆ ಸೆರಗು ಎಳೆದುಕೊಂಡಳು.

ಎದ್ದವಳು ಮನಿಷಾ.

"ನಮ್ಮನ್ಯಾಗ ಎಮ್ಮಿ ಇಲ್ರಿ" ಎಂದಳು.

"ಏ ಹುಡುಗಿ, ಸುಮ್ಮ ಕುಂದರ" ಎಂದಳು ಹೊಳೆವ್ವ.

"ಇಲ್ರಿ ಅತ್ತಿ. ಎಮ್ಮಿ ಮಾರಿ ವರ್ಷಾತ್ರಿ. ಅವತ್ತ ಡಾಕ್ಟರ್ ನೋಡಿದ್ದು ಸಿದರಾಯ ಮಾಮಾಂದು."

ಜನ ನಕ್ಕರು. ಅವಳು ನಗಲಿಲ್ಲ. "ಆ ಡಬ್ಬಿ ದಿನಾ ನಾನ ತೊಳೀತಿದ್ನಿ. ಎಮ್ಮಿಗೆ ಹಾಕಿದ್ರ ಡಬ್ಬಿ ಹಂಗ ಇರೂದಿಲ್ರಿ. ಬೆರಳಿಲೆ ವರಸಿ ಉಂಡಿದ್ದು ಗೊತ್ತಾಗ್ತತಿ."

"ಮತ್ತ ಗೊತ್ತಿದ್ದೂ ಯಾಕ ಸುಮ್ನಿದ್ದೆವ್ವ?" ಎಂದ ಜಿನ್ನಪ್ಪ.

"ಗೊತ್ತೈತಿ ಅಂದಿದ್ರ ಅತ್ತಿ ತರೂದ ಬಿಡ್ತಿದ್ರಿ."

ಹೊಳೆವ್ವ ನೆಲಕ್ಕೆ ಕೈಯೂರಿ ಎದ್ದಳು. "ಉಂಡೀನಪಾ. ನಾನ ಉಂಡೀನಿ. ಚಲೋ ಇರ್ತಿತ್ತು. ಉಪ್ಪ ಒಂಚೂರು ಕಮ್ಮಿ."

"ಬೀಪಿ ಮಂದಿಗೆ ಅಷ್ಟ ಹಾಕೂದು" ಎಂದಳು ಹಿಂದಿನಿಂದ ಕಸ್ತೂರೆವ್ವ.

ಹೊಳೆವ್ವ ಕೂರಲಿಲ್ಲ. ನನ್ನ ಕಡೆ ತಿರುಗಿದಳು. "ಬಾಬಾಸಾಹೇಬ್ರ, ನಿಮ್ಮದೇನ್ರಿ?"

ಮಾದರಿ ಸಂಗ್ರಹದ ಉದ್ದೇಶವನ್ನು ವಿವರಿಸತೊಡಗಿದೆ.

"ಮಾದರಿ ಸಾಕ್ ಬಿಡ್ರಿ. ಉಣ್ತಿದ್ರೋ ಇಲ್ಲೋ? ಮೈಕ್ ನಿಮ್ ಕೈಯಾಗ ಐತಿ."

ಮೈಕು ನಿಜಕ್ಕೂ ನನ್ನ ಕೈಯಲ್ಲಿತ್ತು. ಹಿಂದೆ ದುಂಡೇಶ ಬೈಕಿಗೆ ಆತು ನಿಂತಿದ್ದ, ಹೆಂಗಸರ ಸಾಲಿನಲ್ಲಿ ಅವನ ಹೆಂಡತಿ ಕೋಮಲ. ನನ್ನ ಭಾಷಣದಲ್ಲಿ ಈ ಭಾಗ ಇರಲಿಲ್ಲ. ಏನು ಹೇಳಿದೆನೆಂದು ಸರಿಯಾಗಿ ನೆನಪಿಲ್ಲ, ನನ್ನ ನೆನಪು ಕೈಕೊಡುವುದು ಅಪರೂಪ. ದಾಖಲೆಯ ಸಲುವಾಗಿ ಕಸ್ತೂರೆವ್ವನನ್ನು ಕೇಳಿದಾಗ, ನಾನು ಹೇಳಿದ್ದು ಇಷ್ಟೇ ಎಂದಳು: "ಉಣ್ತಿದ್ನಿ. ಹಸಿವು ಆಗ್ತಿತ್ತು. ಮನ್ಯಾಗಿನವ್ರದ್ದೇನೂ ತಪ್ಪಿಲ್ಲ."

ನಂತರ ಸಿದರಾಯ ಎದ್ದ, ಕೆಂಚವ್ವ ಎದ್ದಳು, ಉಳಿದವರೂ ಎದ್ದರು. ಮೊಣಕಾಲಿನ ಕಾರಣದಿಂದ ಇದಕ್ಕೆ ತುಂಬ ಹೊತ್ತು ಹಿಡಿಯಿತು.

ರೂಪೇಶ ಕರವಸ್ತ್ರದಿಂದ ಮುಖ ಒರೆಸಿಕೊಂಡ. ಎಮ್ಮೆಗೆ ಹಾಕುತ್ತಾರೆಂಬ ಸುದ್ದಿ ಮೇಲಕ್ಕೆ ಹೋಗಿದೆ, ಪಶುವೈದ್ಯರು ಎಮ್ಮೆಗಳನ್ನು ಕಂಡದ್ದೂ ಅದಕ್ಕೆ ಪುರಾವೆಯಾಗಿ ಸೇರಿದೆ, ತಾನು ಹೋಗಿ ಮಾತಾಡುತ್ತೇನೆ, ವಾರದೊಳಗೆ ತಿಳಿಸುತ್ತೇನೆ ಎಂದ. ನಂಬುವ ಹಾಗೇ ಹೇಳಿದ.

8 ನವೆಂಬರ್, ಶನಿವಾರ

ಬೆಳಿಗ್ಗೆ ಕೋಮಲ ಬುತ್ತಿ ಕಟ್ಟುತ್ತ ಕೇಳಿದಳು. "ಮಾವಾರ, ಕುಕ್ಕರನ್ಯಾಗ ನುಚ್ಚು ಮಾಡಿ ಬಿಸಿ ಡಬ್ಬ್ಯಾಗ ಇಟ್ಟ ಹೋದ್ರ ನಡೀತತ್ರೀ?"

"ನಿನಗ ತ್ವಾಟದ ಗಡಿಬಿಡಿ ಇರ್ತತಿ."

"ನಾಕ್ ಸೀಟಿ ಹೆಚ್ಚಿಗಿ ಹೊಡೀತತಿ, ಅಷ್ಟರಿ." ಆಮೇಲೆ ಬೆನ್ನು ತಿರುಗಿಸಿ ಅಂದಳು, "ಮೊದಲ ಹೇಳಬೇಕಿಲ್ರೀ?"

ದುಂಡೇಶ ಹೊರಡುವಾಗ ನನ್ನ ಹಲ್ಲಿನ ಸೆಟ್ಟನ್ನು ಲೋಟದಿಂದ ತೆಗೆದು, ಒರೆಸಿ, ಕರವಸ್ತ್ರದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡ. ಅಥಣಿಯಲ್ಲಿ ಸರಿ ಮಾಡಿಸುತ್ತಾನಂತೆ.

ಮಧ್ಯಾಹ್ನ ನುಚ್ಚು ಬಿಸಿಯಿತ್ತು. ಒಬ್ಬನೇ ಉಣ್ಣಲು ಮನಸ್ಸಾಗದೆ ಡಬ್ಬಿ ಹಿಡಿದು ಹೊರಗೆ ಹೋದೆ.

17 ನವೆಂಬರ್, ಸೋಮವಾರ

ವಾರ ಕಳೆದು ಮೇಲೆ ಮೂರು ದಿನಗಳಾದವು. ರೂಪೇಶ ಫೋನು ಎತ್ತುತ್ತಾನೆ, ಪಾಪ. "ಮ್ಯಾಲೆ ಹೇಳೀನ್ರಿ, ಮೀಟಿಂಗ್ ಆಗಬೇಕ್ರಿ" ಎನ್ನುತ್ತಾನೆ. ಮೇಲಿರುವವರು ಯಾರು, ಎಲ್ಲಿ ಕೂರುತ್ತಾರೆ ಎಂದರೆ ಅವನಿಗೂ ಪೂರ್ತಿ ಗೊತ್ತಿಲ್ಲ.

ಈಗ ಮಧ್ಯಾಹ್ನ ನಾವು ಮುದುಕರೆಲ್ಲ ಭವನದ ಮೆಟ್ಟಿಲ ಮೇಲೆ ಕೂರುತ್ತೇವೆ. ಹಿಂದೆ ಬೀಗ. ಕೋಮಲನ ನುಚ್ಚು ಇರುತ್ತದೆ. ಮನಿಷಾ ಕೂಲಿಯ ನಡುವೆ ಬಂದು ಒಂದು ಗಿಂಡಿ ಮಜ್ಜಿಗೆ ಇಟ್ಟು ಓಡುತ್ತಾಳೆ, ಅದು ಸಿದರಾಯನ ಎಮ್ಮೆಯದು. ಎಲ್ಲರ ಕಣ್ಣೆದುರಿಗೆ ಉಣ್ಣುತ್ತೇವೆ. ಹೋಗಿಬರುವವರು ಮೊದಲ ಎರಡು ದಿನ ನೋಡಿದರು, ಈಗ ನೋಡುವುದಿಲ್ಲ. ಆದರೆ ಎರಡು ಮನೆಯ ಅಡುಗೆ ಅಷ್ಟು ಜನಕ್ಕೆ ಸಾಲುವುದಿಲ್ಲ. ನಿನ್ನೆ ಕೆಂಚವ್ವ ತನಗೆ ಹಸಿವಿಲ್ಲವೆಂದಳು. ನಾವು ಯಾರೂ ಒಪ್ಪಲಿಲ್ಲ. ಹೊಳೆವ್ವ ತನ್ನ ಪಾಲಿನಿಂದ ಎರಡು ತುತ್ತು ಅವಳ ತಾಟಿಗೆ ಹಾಕಿ, "ನುಂಗಬೇ, ನಾಟಕ ಸಾಕು" ಎಂದಳು. ಹೊಳೆವ್ವನ ಕೈ ಇನ್ನೂ ನಡುಗುತ್ತದೆ. ಕಬ್ಬು ಕಡಿಯುವುದು ಈಗಷ್ಟೇ ಶುರುವಾಗಿದೆ, ಬೇಸಿಗೆಯತನಕ ನಡೆಯುತ್ತದೆ. ಅಲ್ಲಿಯವರೆಗೆ ಈ ಮೆಟ್ಟಿಲ ಮೇಲಿನ ಊಟದಲ್ಲಿ ಅವಳು ತಾಳುವುದಿಲ್ಲ, ಇದು ನನಗೆ ಕಾಣುತ್ತಿದೆ.

ನಾಡಿದ್ದು ಸಂಸ್ಥೆಯ ದೊಡ್ಡವರು ಕಾಗವಾಡಕ್ಕೆ ಯಾವುದೋ ಉದ್ಘಾಟನೆಗೆ ಬರುತ್ತಾರೆಂದು ಜಿನ್ನಪ್ಪ ಹೇಳಿದ. ನಾವೆಲ್ಲ ಹೋಗುತ್ತೇವೆ. ದುಂಡೇಶ ಟ್ರ್ಯಾಕ್ಟರ್ ಕೊಡುತ್ತಾನೆ. ಈ ಸಲ ಸಂವಿಧಾನವನ್ನೂ ಬರಗಾಲಗಳನ್ನೂ ಬಿಟ್ಟಿದ್ದೇನೆ. ಹೇಳುವುದು ಇಷ್ಟು:

ಅಕ್ಟೋಬರ್ ಎಂಟರಂದು ನಮ್ಮ ಊಟ ನಿಲ್ಲಿಸಿದಿರಿ. ಎಮ್ಮೆಗೆ ಎಂದು ನಾವು ಸುಳ್ಳು ಹೇಳಿದ್ದೆವು. ನವೆಂಬರ್ ಏಳರಂದು ಊರ ಮುಂದೆ, ಮಕ್ಕಳ ಮುಂದೆ, ಸೊಸೆಯಂದಿರ ಮುಂದೆ ಎದ್ದು ನಿಂತು, ಉಂಡವರು ನಾವೇ, ನಮಗೆ ಹಸಿವಾಗುತ್ತದೆ ಎಂದು ನಿಜ ಹೇಳಿದೆವು. ನಮ್ಮ ಸುಳ್ಳಿಗೆ ನೀವು ಅದೇ ಮಧ್ಯಾಹ್ನ ಉತ್ತರ ಕೊಟ್ಟಿರಿ. ನಮ್ಮ ನಿಜಕ್ಕೆ ಇನ್ನೂ ಕೊಟ್ಟಿಲ್ಲ. ಯಾಕೆ? ಫೋನಿನಲ್ಲಿ ಬೇಡ, ರೂಪೇಶನ ಕೈಯಲ್ಲಿ ಬೇಡ. ನಮ್ಮೂರ ಕಟ್ಟೆಗೆ ಬಂದು, ಮೈಕು ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿ.